ಆಟವೂ ವ್ಯಸನವೂ: ಒಂದು ಐತಿಹಾಸಿಕ ವಿವೇಚನೆ

ಆಟವು ಮಾನವನಿಗೆ ಸಹಜವಾದುದು. ಮಗುವು ನುಡಿಯನ್ನು ಕಲಿಯುವ ಮುನ್ನವೇ ಆಟವನ್ನು ಕಲಿಯುತ್ತದೆ. ನಮ್ಮ ಪೂರ್ವಿಕರು ಆಟವನ್ನು ಹೀನವೆಂದು ಎಣಿಸಲಿಲ್ಲ. ಪರಶಿವನ ಸೃಷ್ಟಿಕಾರ್ಯವನ್ನೇ ಲೀಲೆಯೆಂದು ಕರೆದರು. ಎಲ್ಲೋರದ ೨೧ ಮತ್ತು ೨೯ನೆಯ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುತ್ತಿರುವ ಶಿಲ್ಪಗಳನ್ನು ಇಂದಿಗೂ ಕಾಣಬಹುದು. ಆದರೆ ಆಟವು ಯಾವ ಎಲ್ಲೆಯನ್ನು ದಾಟಿದರೆ ವ್ಯಸನವಾಗುತ್ತದೆಂಬುದನ್ನೂ ಅದೇ ಪೂರ್ವಿಕರು ಎಚ್ಚರದಿಂದ ಗಮನಿಸಿದ್ದರು. ಇಂದು ಅಂಗೈಯೊಳಗಿನ ಮೊಬೈಲಿನಲ್ಲಿ ಹಗಲಿರುಳೂ ಆಟವು ತೆರೆದೇ ಇರುತ್ತದೆ. ಮಠಕ್ಕೆ ಬರುವ ತಾಯಿತಂದೆಗಳು ತಮ್ಮ ಮಕ್ಕಳನ್ನು ಕುರಿತು ಕೇಳುವ ಪ್ರಶ್ನೆಯೂ ಈ ಎಲ್ಲೆಯನ್ನು ಕುರಿತುದೇ ಆಗಿದೆ. ಆದುದರಿಂದ ಈ ವಿಷಯದ ಇತಿಹಾಸವನ್ನು ಸ್ಥೂಲವಾಗಿ ಅವಲೋಕಿಸುವುದು ಉಚಿತವೆನಿಸುತ್ತದೆ.

ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತಕ್ಕೆ ಅಕ್ಷಸೂಕ್ತವೆಂದು ಹೆಸರು. ೧೪ ಋಕ್ಕುಗಳ ಈ ಸೂಕ್ತದ ಬಹುಭಾಗವು ದೇವತಾಸ್ತುತಿಯಲ್ಲ, ಒಬ್ಬ ಜೂಜುಗಾರನ ಅಳಲು. ಅಂದಿನ ದಾಳಗಳು ತಾರೆಮರದ ಕಾಯಿಗಳು. ತನಗೂ ತನ್ನ ಗೆಳೆಯರಿಗೂ ಹಿತವಾಗಿ ನಡೆದುಕೊಳ್ಳುತ್ತಿದ್ದ ಮಡದಿಯನ್ನು ಆ ಕಾಯಿಗಳ ಸಲುವಾಗಿ ದೂರಮಾಡಿಕೊಂಡೆನೆಂದು ಅವನು ಹಲುಬುತ್ತಾನೆ. ಅವನ ತಂದೆ, ತಾಯಿ, ಸೋದರರು ಇವನಾರೆಂದು ತಾವರಿಯೆವೆಂದುಬಿಡುತ್ತಾರೆ. ಇನ್ನು ಆಡಲಾರೆನೆಂದು ಅವನು ನಿಶ್ಚಯಿಸುತ್ತಾನೆ. ಆದರೆ ದಾಳಗಳ ಸದ್ದು ಕಿವಿಗೆ ಬಿದ್ದೊಡನೆ ಆ ನಿಶ್ಚಯವು ಕರಗಿಹೋಗುತ್ತದೆ. ಸಾಲಕ್ಕೆ ಸಿಕ್ಕಿ, ಅಂಜುತ್ತಂಜುತ್ತ, ಇರುಳಿನಲ್ಲಿ ಪರರ ಮನೆಗಳತ್ತ ನಡೆಯುತ್ತಾನೆ. ಜೂಜನ್ನು ತೊರೆದು ಬೇಸಾಯಕ್ಕೆ ಮರಳಬೇಕೆಂಬುದು ಸೂಕ್ತದ ಉಪದೇಶ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಆ ಜೂಜುಗಾರನು ಅಜ್ಞಾನಿಯಲ್ಲ. ಹಾನಿಯನ್ನು ಅವನು ಚೆನ್ನಾಗಿ ಬಲ್ಲ. ಬಲ್ಲವನಾಗಿಯೂ ನಿಲ್ಲಲಾರ. ಅರಿವು ಮತ್ತು ಆಚರಣೆಗಳ ನಡುವೆ ಬಿದ್ದ ಈ ಬಿರುಕೇ ವ್ಯಸನ. ಎರಡನೆಯದು, ಸೂಕ್ತವು ಬರಿಯ ನಿಷೇಧವನ್ನು ಹೇಳಿ ನಿಲ್ಲದೆ, ಬಿಟ್ಟ ಸ್ಥಳದಲ್ಲಿ ದುಡಿಮೆಯನ್ನು ಇರಿಸುತ್ತದೆ. ಮುಂದೆ ಶರಣರು ಕಾಯಕವೆಂದು ಸಾರಿದ ತತ್ತ್ವದ ಒಂದು ಸುಳುಹು ಇಲ್ಲಿಯೇ ದೊರೆಯುತ್ತದೆಂದರೆ ತಪ್ಪಾಗಲಾರದು.

ಮಹಾಭಾರತದ ದ್ಯೂತಪ್ರಸಂಗವನ್ನು ಪಂಪ, ಕುಮಾರವ್ಯಾಸರ ಮೂಲಕ ಕನ್ನಡಿಗರೆಲ್ಲರೂ ಬಲ್ಲರು. ಆದರೆ ಅದರಲ್ಲಿ ಎರಡು ಸಲ ಆಟ ನಡೆಯಿತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಮೊದಲ ಸಲ ಸೋತ ಸಮಸ್ತವನ್ನೂ ಧೃತರಾಷ್ಟ್ರನು ಹಿಂದಿರುಗಿಸಿದನು. ಹೀಗಿದ್ದೂ ಮತ್ತೆ ಕರೆ ಬಂದಾಗ ಧರ್ಮರಾಯನು ಮತ್ತೆ ಹೋಗಿ ಕುಳಿತನು. ವನವಾಸವು ಪ್ರಾಪ್ತವಾದುದು ಈ ಅನುದ್ಯೂತದಿಂದ. ಧರ್ಮಜ್ಞನಿಗೂ ಇಂತಹ ಗತಿಯುಂಟಾಯಿತೆಂದ ಮೇಲೆ, ನಮ್ಮ ಮನೆಯವರು ವಿದ್ಯಾವಂತರು, ಅವರಿಗೇನೂ ಆಗದೆಂದು ನೆಚ್ಚಿ ಕುಳಿತುಕೊಳ್ಳುವಂತಿಲ್ಲ.

ಶಾಸ್ತ್ರಕಾರರಲ್ಲಿ ಈ ವಿಷಯವಾಗಿ ಏಕಾಭಿಪ್ರಾಯವಿರಲಿಲ್ಲ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಹಾಕಬೇಕೆಂದನು. ಕೌಟಿಲ್ಯನಾದರೋ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಒಂದೇ ಸ್ಥಳದಲ್ಲಿ ಆಡಿಸಬೇಕೆಂದೂ, ಬೇರೆಡೆ ಆಡಿದವರಿಗೆ ೧೨ ಪಣಗಳ ದಂಡವನ್ನು ವಿಧಿಸಬೇಕೆಂದೂ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ತೆಗೆದುಕೊಳ್ಳಬೇಕೆಂದೂ ಹೇಳಿದನು. ಯಾಜ್ಞವಲ್ಕ್ಯಸ್ಮೃತಿಯೂ ರಾಜನ ಕಣ್ಗಾವಲಿನ ದ್ಯೂತವನ್ನು ಒಪ್ಪುತ್ತದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿದ್ದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ದ್ಯೂತಶಾಲೆಯನ್ನು ನಡೆಸುವವನಿಗೆ ಸಭಿಕನೆಂದು ಹೆಸರು. ಗೆದ್ದವನ ಹಣದಲ್ಲಿ ಅವನಿಗೆ ಪಾಲುಂಟು. ಆಡುವವರಲ್ಲಿ ಒಬ್ಬನು ಗೆಲ್ಲುತ್ತಾನೆ, ಇನ್ನೊಬ್ಬನು ಸೋಲುತ್ತಾನೆ. ಆಡಿಸುವವನು ಮಾತ್ರ ಎಂದೂ ಸೋಲನು. ದಾಳವು ಹೋಗಿ ಮೊಬೈಲು ಬಂದರೂ ಈ ಲೆಕ್ಕಾಚಾರವು ಬದಲಾಗಿಲ್ಲ.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ರಚಿಸಿದನು. ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಮಹಾಗ್ರಂಥದಲ್ಲಿ ಚತುರಂಗ, ಪಗಡೆ, ಕವಡೆಯಾಟಗಳ ವಿವರಣೆಯಿದೆ. ಆದರೆ ಅದು ಯಾವ ಸ್ಥಾನದಲ್ಲಿದೆ? ರಾಜ್ಯವನ್ನು ಪಡೆಯುವ ಬಗೆ ಮೊದಲು, ಅದನ್ನು ಸ್ಥಿರಪಡಿಸುವ ಬಗೆ ಅನಂತರ, ಬಳಿಕ ಉಪಭೋಗ, ವಿನೋದ, ಕ್ರೀಡಾವಿಂಶತಿಯು ಕಟ್ಟಕಡೆಯದು. ಕರ್ತವ್ಯವೆಲ್ಲವೂ ಮುಗಿದ ಮೇಲೆ ಆಟಕ್ಕೆ ಎಡೆಯೆಂಬ ವಿವೇಕವು ಗ್ರಂಥದ ಕ್ರಮದಲ್ಲಿಯೇ ಅಡಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರೂ (೧೭೯೪-೧೮೬೮) ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಆಟಗಳನ್ನು ಕುರಿತ ಕೌತುಕನಿಧಿಯನ್ನು ಕೊನೆಯಲ್ಲಿಯೇ ಇರಿಸಿದರು.

ಜನಸಾಮಾನ್ಯರ ಆಟಗಳಿಗೂ ಇಂತಹ ಎಲ್ಲೆಗಳಿದ್ದವು. ಚೌಕಾಬಾರ, ಅಳಗುಳಿಮನೆ, ಹುಲಿಕಟ್ಟು, ಲಗೋರಿ, ಬುಗುರಿ, ಚಿನ್ನಿದಾಂಡು ಮೊದಲಾದವುಗಳಿಗೆ ಜೊತೆಗಾರರು ಬೇಕು. ಜೊತೆಗಾರರು ಮನೆಗೆ ಹೊರಟರೆ ಆಟ ಮುಗಿಯಿತು. ಹೊತ್ತು ಮುಳುಗಿದರೆ ಆಟ ಮುಗಿಯಿತು. ಕೆಲವಕ್ಕೆ ಋತುವಿತ್ತು, ಕೆಲವಕ್ಕೆ ಹಬ್ಬವಿತ್ತು. ಪಣವಿಟ್ಟು ಪಗಡೆಯಾಡುವುದಕ್ಕೂ ಬಲಿಪಾಡ್ಯಮಿಯ ಒಂದು ದಿನವನ್ನು ಗೊತ್ತುಪಡಿಸಿದುದುಂಟು. ಮಠಗಳ ಪ್ರಸಾದನಿಲಯಗಳಲ್ಲಿ ಕಲಿತವರಿಗೆ ಸಂಜೆಯ ಆಟವೂ ನೆನಪಿದೆ, ಅದನ್ನು ನಿಲ್ಲಿಸಿ ಪೂಜೆಗೆ ಕರೆಯುತ್ತಿದ್ದ ಗಂಟೆಯೂ ನೆನಪಿದೆ. ಇಂದಿನ ಆಟಕ್ಕೆ ಆ ಗಂಟೆಯಿಲ್ಲ. ಒಂದು ಹಂತ ಮುಗಿದರೆ ಇನ್ನೊಂದು ತೆರೆಯುತ್ತದೆ. ಬಹುಮಾನವು ಯಾವಾಗ ಬರುವುದೆಂದು ತಿಳಿಯದಂತೆ ಹೊಂದಿಸಿರುತ್ತಾರೆ. ಆಡದೆ ಕುಳಿತವನನ್ನು ಆಟವೇ ಸದ್ದುಮಾಡಿ ಕರೆಯುತ್ತದೆ.

ಇಲ್ಲಿ ಸದ್ಭಕ್ತರಿಗೆ ಒಂದು ಸಂದೇಹ ಬರಬಹುದು. ನಾವು ಪೂಜ್ಯಭಾವದಿಂದ ಸ್ಮರಿಸುವ ಅರವತ್ತುಮೂರು ಪುರಾತನರಲ್ಲಿ ಮೂರ್ಖನಾಯನಾರರೆಂಬವರು ಜೂಜಾಡಿಯೇ ಶಿವಭಕ್ತರಿಗೆ ಅನ್ನವಿಕ್ಕಿದವರಲ್ಲವೇ? ನಿಜ. ಹನ್ನೆರಡನೆಯ ಶತಮಾನದ ಸೇಕ್ಕಿಳಾರರ ಪೆರಿಯಪುರಾಣವು ಹೇಳುವಂತೆ, ತಿರುವೇರ್ಕಾಡಿನ ಈ ಭಕ್ತರು ಇದ್ದುದೆಲ್ಲವನ್ನೂ ದಾಸೋಹಕ್ಕೆ ವೆಚ್ಚಮಾಡಿ, ಬಳಿಕ ಜೂಜಿನಿಂದ ಗಳಿಸಿ ಅದನ್ನು ಮುಂದುವರಿಸಿದರು. ಆದರೆ ಗೆದ್ದ ಹಣವನ್ನು ಅವರು ಕೈಯಿಂದ ಮುಟ್ಟುತ್ತಿರಲಿಲ್ಲವೆಂದೂ, ಆ ಹಣವು ಅಡುಗೆಯವರ ಕೈಗೇ ಹೋಗುತ್ತಿತ್ತೆಂದೂ ಪುರಾಣವು ಒತ್ತಿ ಹೇಳುತ್ತದೆ. ಅವರ ಹಿರಿಮೆಯು ನಿಃಸ್ಪೃಹತೆಯಲ್ಲಿದೆಯೇ ಹೊರತು ಜೂಜಿನಲ್ಲಿಲ್ಲ. ಮುಂದೆ ಕಲ್ಯಾಣದ ಶರಣರು ದಾಸೋಹಕ್ಕೆ ಬರುವ ದ್ರವ್ಯವೂ ಕಾಯಕಶುದ್ಧವಾಗಿರಬೇಕೆಂದು ವಿಧಿಸಿದರು. ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಒಯ್ಯಿಸಿದ ಪ್ರಸಂಗವೇ ಇದಕ್ಕೆ ಸಾಕ್ಷಿ. ನೆಲದ ಮೇಲೆ ಬಿದ್ದ ಅಕ್ಕಿಯಲ್ಲಿಯೇ ಅತ್ಯಾಸೆಯನ್ನು ಕಂಡ ಆ ಮಹಾತಾಯಿಯು, ನೆರೆಯವನ ಸೋಲಿನಿಂದ ಬಂದ ಹಣವನ್ನು ಒಪ್ಪುತ್ತಿದ್ದಳೇ? ಗೆದ್ದರೆ ಮಠಕ್ಕೆ ಕಾಣಿಕೆ ಸಲ್ಲಿಸುವೆನೆಂದು ಹರಕೆ ಹೊರುವವರು ಇದನ್ನು ಯೋಚಿಸಬೇಕು.

ನಮ್ಮ ಕಾಲದ ಕಾನೂನೂ ಮನು ಕೌಟಿಲ್ಯರ ನಡುವೆಯೇ ತೂಗಾಡಿದೆ. ಮಟ್ಕಾ ಹಲವು ಊರುಗಳ ಸಂಸಾರಗಳನ್ನು ಕೆಡಿಸಿತು. ಲಾಟರಿಯನ್ನು ಕರ್ನಾಟಕ ಸರಕಾರವು ೨೦೦೭ರಲ್ಲಿ ನಿಲ್ಲಿಸಿತು. ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣವನ್ನೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತಾದರೂ, ರಾಜ್ಯದ ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ಆ ನಿಷೇಧದ ವಿಧಿಗಳನ್ನು ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಇಡೀ ದೇಶಕ್ಕೆ ಅನ್ವಯಿಸುವಂತೆ ಇಂತಹ ಹಣದಾಟಗಳನ್ನು ನಿಷೇಧಿಸಿ, ಹಣದ ಪಣವಿಲ್ಲದ ಆಟಗಳಿಗೆ ಅವಕಾಶವಿತ್ತಿದೆ. ಕಾನೂನು ಬೇಕು. ಆದರೆ ಹಣವಿಲ್ಲದ ಆಟದಲ್ಲಿಯೂ ನಿದ್ರೆ, ವಿದ್ಯೆ, ಆಯುಷ್ಯಗಳನ್ನು ಪಣವಾಗಿ ಒಡ್ಡಬಹುದು. ಅದನ್ನು ತಡೆಯುವ ಕಾಯಿದೆಯನ್ನು ಮನೆಯೇ ಮಾಡಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ ೨೦೨೨ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲ ಆಸಕ್ತಿಗಳಿಗಿಂತಲೂ ದಿನಚರಿಗಿಂತಲೂ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು. ಇವು ಓದು, ಉದ್ಯೋಗ, ಸಂಸಾರಗಳನ್ನು ಕೆಡಿಸುವ ಮಟ್ಟಕ್ಕೆ ಸಾಮಾನ್ಯವಾಗಿ ೧೨ ತಿಂಗಳ ಕಾಲ ಕಂಡುಬಂದಿರಬೇಕು. ಅಕ್ಷಸೂಕ್ತದ ಜೂಜುಗಾರನಲ್ಲಿ ಈ ಮೂರೂ ಇದ್ದುವೆಂಬುದನ್ನು ವಾಚಕರು ಈಗಾಗಲೇ ಗುರುತಿಸಿರಬಹುದು. ಹೆಚ್ಚು ಹೊತ್ತು ಆಡಿದವರೆಲ್ಲರೂ ರೋಗಿಗಳಲ್ಲ. ರಜೆಯ ದಿನ ಆಡಿ, ಕರೆದಾಗ ಎದ್ದು ಬರುವ ಮಗುವಿನ ಬಗೆಗೆ ಭಯಪಡಬೇಕಾಗಿಲ್ಲ. ಆದರೆ ನಿದ್ರೆಗೆಟ್ಟು, ಊಟ ಬಿಟ್ಟು, ಆಡಿದ ಹೊತ್ತನ್ನೂ ಕಳೆದ ಹಣವನ್ನೂ ಮುಚ್ಚಿಟ್ಟು, ತಡೆದರೆ ಕೆರಳುವ, ಕಳೆದುದನ್ನು ಮರಳಿ ಪಡೆಯಲು ಸಾಲಮಾಡುವ ಸ್ಥಿತಿ ಬಂದರೆ ವಿಳಂಬ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ೨೦೧೪ರಲ್ಲಿ ಚಿಕಿತ್ಸಾಲಯವೊಂದು ಆರಂಭವಾಯಿತು. ೨೦೨೨ರಲ್ಲಿ ಸ್ಥಾಪಿತವಾದ ಟೆಲಿ ಮಾನಸ್ ಸೇವೆಯನ್ನು ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದು.

ಅಕ್ಷಸೂಕ್ತದ ಬಂಧುಗಳು ಮಾಡಿದಂತೆ ನಾವು ಮಾಡಬಾರದು. ಇವನನ್ನು ಅರಿಯೆವೆಂದು ಕೈಬಿಟ್ಟರೆ ಅವನಿಗೆ ಉಳಿಯುವುದು ದಾಳವೊಂದೇ. ಬಂದವನ ಪೂರ್ವವನ್ನು ಎಣಿಸದೆ ಇವ ನಮ್ಮವನೆಂದು ಬರಮಾಡಿಕೊಂಡ ಪರಂಪರೆ ನಮ್ಮದು. ಮನೆಯಲ್ಲಿ ಊಟದ ಹೊತ್ತು, ಪೂಜೆಯ ಹೊತ್ತು, ಮಲಗುವ ಹೊತ್ತುಗಳಲ್ಲಿ ಮೊಬೈಲನ್ನು ಬದಿಗಿಡುವ ನೇಮವಿರಲಿ. ಆ ನೇಮವು ಹಿರಿಯರಿಂದಲೇ ಮೊದಲಾಗಲಿ. ಆಟವನ್ನು ಕಿತ್ತುಕೊಂಡರೆ ಸಾಲದು, ಆ ಸ್ಥಳದಲ್ಲಿ ಬಯಲಿನ ಆಟವನ್ನೂ ಕೈಗೊಂದು ಕೆಲಸವನ್ನೂ ಹಿರಿಯರ ಸಹವಾಸವನ್ನೂ ಕೊಡಬೇಕು. ಅಂಗೈಯು ಇಷ್ಟಲಿಂಗಕ್ಕೆ ಪೀಠವಾದ ಕರಸ್ಥಲ. ಅಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಎಡೆಯೆಂಬುದನ್ನು ಪ್ರತಿಯೊಬ್ಬ ಭಕ್ತನೂ ದಿನಕ್ಕೊಮ್ಮೆಯಾದರೂ ತನ್ನನ್ನು ತಾನು ಕೇಳಿಕೊಳ್ಳುವಂತಾಗಲಿ. ಸರ್ವರಿಗೂ ಶ್ರೀಗುರುವಿನ ಕೃಪೆಯಿಂದ ಸನ್ಮಂಗಳವಾಗಲಿ.