ಮನೆವಾರ್ತೆ ಕೈಪಿಡಿ: ಅಡುಗೆಮನೆಯ ಸಿಪ್ಪೆಯಿಂದ ಪುಸ್ತಕದ ಕಪಾಟಿನವರೆಗೆ

ಬೆಂಗಳೂರು: ಕೆಂಗೇರಿ ಉಪನಗರದ ಒಂದು ಸಾಮಾನ್ಯ ಮನೆಯಿಂದ ದಿನವೂ ಹೊರಬೀಳುವ ವಸ್ತುಗಳು ಬಗೆಬಗೆಯವೇನಲ್ಲ. ತರಕಾರಿ ಸಿಪ್ಪೆ, ಕಾಫಿಯ ಚರಟ, ಹಾಲಿನ ಕವರು, ಹಿಂದಿನ ದಿನದ ಪತ್ರಿಕೆ, ದೇವರ ಮನೆಯ ಬಾಡಿದ ಹೂವು. ಇವು ಗೊಬ್ಬರವಾಗುತ್ತವೆಯೋ, ಕಾರ್ಖಾನೆಗೆ ಕಚ್ಚಾವಸ್ತುವಾಗುತ್ತವೆಯೋ ಅಥವಾ ಮತ್ತೊಂದು ಊರಿನವರ ಪಾಲಿಗೆ ದುರ್ವಾಸನೆಯಾಗುತ್ತವೆಯೋ ಎಂಬುದು ನಿರ್ಧಾರವಾಗುವುದು ಕಸದ ಆಟೋ ಬಾಗಿಲಿಗೆ ಬರುವ ಮೊದಲೇ.

ಕೆಂಗೇರಿಯು 2007ರವರೆಗೆ ಪುರಸಭೆಯಾಗಿತ್ತು. ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. 2025ರಲ್ಲಿ ಆ ಪಾಲಿಕೆಯ ಸ್ಥಾನಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಬಂದವು. ಆಡಳಿತದ ಹೆಸರು ಬದಲಾದರೂ ಮನೆಯವರ ಪಾಲಿನ ಕೆಲಸ ಬದಲಾಗಿಲ್ಲ.

ಮಂಡೂರಿನ ಪಾಠ

ಬೆಂಗಳೂರಿನ ಕಸವನ್ನು ಹಲವು ವರ್ಷ ಮಾವಳ್ಳಿಪುರ ಮತ್ತು ಮಂಡೂರಿನಲ್ಲಿ ಸುರಿಯಲಾಗುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಗ್ರಾಮಸ್ಥರ ಹೋರಾಟದ ಫಲವಾಗಿ 2014ರ ಅಂತ್ಯಕ್ಕೆ ಮಂಡೂರಿಗೂ ಕಸ ಸಾಗಿಸುವುದು ನಿಂತಿತು. ಬಳಿಕ ನಗರದ ಅಂಚಿನಲ್ಲಿ ಸಂಸ್ಕರಣಾ ಘಟಕಗಳು ತಲೆಯೆತ್ತಿದವು. ಅವುಗಳಲ್ಲಿ ಒಂದು ಕೆಂಗೇರಿಗೆ ಸಮೀಪದ ಲಿಂಗಧೀರನಹಳ್ಳಿಯದು. ಅಲ್ಲಿನ ನಿವಾಸಿಗಳು ದುರ್ವಾಸನೆಯ ವಿರುದ್ಧ ಪ್ರತಿಭಟನೆಗೆ ಇಳಿಯಬೇಕಾಯಿತು. ಗೊಬ್ಬರ ಮಾಡುವ ಘಟಕಕ್ಕೆ ಪ್ಲಾಸ್ಟಿಕ್ ಬೆರೆತ ಕಸ ಹೋದರೆ ಗೊಬ್ಬರವೂ ಕೆಡುತ್ತದೆ, ನಾತವೂ ಹೆಚ್ಚುತ್ತದೆ.

ಎರಡು ಬುಟ್ಟಿ, ಒಂದು ಚೀಲ

ಮನೆಯಲ್ಲಿಯೇ ಕಸ ವಿಂಗಡಿಸುವುದನ್ನು ಬೆಂಗಳೂರಿನಲ್ಲಿ 2012ರ ಅಕ್ಟೋಬರ್‌ನಲ್ಲಿ ಕಡ್ಡಾಯಗೊಳಿಸಲಾಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಪಾಲಿಸುವಂತೆ ಆದೇಶಿಸಿತು. ಅದರ ಕ್ರಮ ಹೀಗಿದೆ:

* ಹಸಿರು ಬುಟ್ಟಿ: ಸಿಪ್ಪೆ, ಉಳಿದ ಅನ್ನ, ಮೊಟ್ಟೆಯ ಚಿಪ್ಪು, ಹೂವು. ಬುಟ್ಟಿಯ ಒಳಗೆ ಪ್ಲಾಸ್ಟಿಕ್ ಹಾಸದೆ ಹಳೆಯ ಪತ್ರಿಕೆ ಹಾಸುವುದು ಸೂಕ್ತ.
* ಕೆಂಪು ಬುಟ್ಟಿ: ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜ್. ಕಾಗದದಲ್ಲಿ ಸುತ್ತಿ ಹೊರಗೆ ಕೆಂಪು ಗುರುತು ಹಾಕಬೇಕು.
* ಚೀಲ: ಕಾಗದ, ರಟ್ಟು, ಬಾಟಲಿ, ಲೋಹ, ತೊಳೆದು ಒಣಗಿಸಿದ ಹಾಲಿನ ಕವರು.

ತೊಳೆಯುವುದು ಏಕೆ ಎಂಬ ಪ್ರಶ್ನೆ ಸಹಜ. ಸಾರು ತಾಗಿದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ಒಂದು ಕವರಿನಲ್ಲಿ ಉಳಿದ ಹಾಲು ಇಡೀ ಚೀಲವನ್ನು ಹುಳಿಯಾಗಿಸುತ್ತದೆ. ಒಡೆದ ಗಾಜು ಮತ್ತು ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡಬೇಕು. ಆ ಚೀಲವನ್ನು ಕೊನೆಗೆ ಬಿಚ್ಚುವುದು ಯಂತ್ರವಲ್ಲ, ಒಬ್ಬ ಕಾರ್ಮಿಕರ ಕೈ.

ತಾರಸಿಯಲ್ಲಿ ಗೊಬ್ಬರ

ಬದಿಗಳಲ್ಲಿ ರಂಧ್ರವಿರುವ ಮಣ್ಣಿನ ಕೊಡ ಅಥವಾ ಹಳೆಯ ಬಕೆಟ್ ಇದ್ದರೆ ಹಸಿ ಕಸ ಮನೆ ದಾಟಬೇಕಾಗಿಲ್ಲ. ಪ್ರತಿದಿನದ ಸಿಪ್ಪೆಯ ಮೇಲೆ ಒಣಎಲೆ ಅಥವಾ ತೆಂಗಿನ ನಾರಿನ ಪುಡಿಯ ಪದರ ಹರಡಬೇಕು. ಆರಂಭದಲ್ಲಿ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸುವ ರೂಢಿ ಹಲವು ಮನೆಗಳಲ್ಲಿದೆ. ವಾರಕ್ಕೆರಡು ಬಾರಿ ಕೆದಕಿ ಗಾಳಿಯಾಡಿಸಿದರೆ ಸುಮಾರು ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ನಾತ ಬಂದರೆ ತೇವ ಹೆಚ್ಚಾಗಿದೆ, ಗಾಳಿ ಸಾಲದು ಎಂದರ್ಥ. ಒಣಎಲೆ ಸೇರಿಸಿದರೆ ಸರಿಹೋಗುತ್ತದೆ. ಹುಳುಗಳನ್ನು ಕಂಡು ಗಾಬರಿಯಾಗಬೇಕಿಲ್ಲ, ಅವು ಕಸವನ್ನು ತಿಂದು ಕರಗಿಸುತ್ತವೆ. ತೆಂಗಿನ ಕರಟ ಬೇಗ ಕೊಳೆಯದು. ಅದರ ಚೂರುಗಳನ್ನು ಹೂಕುಂಡದ ತಳದಲ್ಲಿ ಹಾಸಿದರೆ ನೀರು ಬಸಿಯಲು ಅನುಕೂಲ.

ಕುಂಡದ ಗಿಡ: ನಂಬಿಕೆ, ವಾಸ್ತವ

ಮನೆಯೊಳಗಿನ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಮಾತಿಗೆ ಮೂಲ 1989ರ ನಾಸಾ ಅಧ್ಯಯನ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಹಲವು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಕಿಟಕಿಯಿಂದ ಬರುವ ಗಾಳಿಯಷ್ಟು ಪರಿಣಾಮ ಸಿಗಬೇಕಾದರೆ ಪ್ರತಿ ಚದರ ಮೀಟರ್‌ಗೆ ಕನಿಷ್ಠ 10 ಗಿಡಗಳಾದರೂ ಬೇಕು. ಆದ್ದರಿಂದ ಗಿಡ ಬೆಳೆಸುವುದು ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ಶುದ್ಧ ಗಾಳಿಗೆ ಕಿಟಕಿಯೇ ಗತಿ.

ಬಿಸಿಲು ಬೀಳುವ ಕಡೆ ತುಳಸಿ, ಕರಿಬೇವು, ದೊಡ್ಡಪತ್ರೆ ಚೆನ್ನಾಗಿ ಬರುತ್ತವೆ. ನೆರಳಿಗೆ ಮನಿಪ್ಲಾಂಟ್ ಹೊಂದುತ್ತದೆ. ಆದರೆ ಅದರ ಎಲೆಯನ್ನು ಅಗಿದರೆ ಬಾಯಿ ಉರಿಯುವುದರಿಂದ ಎಳೆಯ ಮಕ್ಕಳಿಗೆ ಎಟುಕದಂತೆ ಇಡಬೇಕು. ಬಾಟಲಿಯ ನೀರಿನಲ್ಲಿ ಬೆಳೆಸುವವರು ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ನಗರದ ಮನೆಗಳಿಗೆ ರೂ. 400 ದಂಡ ವಿಧಿಸುವ ನಿಯಮವನ್ನು ರಾಜ್ಯ ಸರ್ಕಾರ 2024ರಲ್ಲಿ ತಂದಿತು.

ಪತ್ರಿಕೆ ಮತ್ತು ಪುಸ್ತಕ

ಹಳೆಯ ಪತ್ರಿಕೆಗೆ ಗುಜರಿ ಅಂಗಡಿಯಲ್ಲಿ ಬೆಲೆಯಿದೆ. ಆದರೆ ಬಿಸಿ ಬಜ್ಜಿ, ಬೋಂಡಾ ಇಡಲು ಅದು ತಕ್ಕದ್ದಲ್ಲ. ಮುದ್ರಣದ ಶಾಯಿ ಎಣ್ಣೆಯೊಡನೆ ಆಹಾರಕ್ಕೆ ಸೇರುವ ಕಾರಣ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಇದರ ವಿರುದ್ಧ ಸಲಹೆ ನೀಡಿತ್ತು.

ಪುಸ್ತಕದ ಶತ್ರು ತೇವ. ಕಪಾಟನ್ನು ಗೋಡೆಗೆ ಅಂಟಿಸದೆ ಸ್ವಲ್ಪ ಅಂತರ ಬಿಡಬೇಕು. ಮಳೆಗಾಲದಲ್ಲಿ ಪುಸ್ತಕಗಳನ್ನು ಆಗಾಗ ತೆಗೆದು ಗಾಳಿಗೆ ಹಿಡಿದರೆ ಬೂಷ್ಟು, ಕಾಗದ ತಿನ್ನುವ ಹುಳು ಎರಡೂ ದೂರ.

ಓದಿ ಮುಗಿಸಿದ ಪುಸ್ತಕವನ್ನು ತೂಕಕ್ಕೆ ಹಾಕುವ ಮೊದಲು ಮತ್ತೊಬ್ಬ ಓದುಗರನ್ನು ಹುಡುಕುವುದು ಮೇಲು. ಅವೆನ್ಯೂ ರಸ್ತೆಯ ಹಳೆ ಪುಸ್ತಕ ವ್ಯಾಪಾರಿಗಳಿದ್ದಾರೆ, ಹತ್ತಿರದ ಶಾಲೆಗಳಿವೆ. ತ್ಯಾಜ್ಯ ಆಯುವ ಕಾರ್ಮಿಕರ ನಡುವೆ ಕೆಲಸ ಮಾಡುವ ‘ಹಸಿರು ದಳ’ ಸಂಸ್ಥೆ, ಅವರ ಮಕ್ಕಳಿಗಾಗಿ ‘ಬುಗುರಿ’ ಎಂಬ ಗ್ರಂಥಾಲಯಗಳನ್ನು ನಡೆಸುತ್ತಿದೆ. ನಮ್ಮ ಕಸವನ್ನು ಬೇರ್ಪಡಿಸುವವರ ಮಗುವಿನ ಕೈಗೆ ನಮ್ಮ ಮನೆಯ ಕಥೆಪುಸ್ತಕ ತಲುಪುವುದಕ್ಕಿಂತ ಒಳ್ಳೆಯ ಮರುಬಳಕೆ ಬೇರೊಂದಿಲ್ಲ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಪ್ರತಿ ಮನೆಯೂ ಗ್ರಂಥಾಲಯ ಉಪಕರ ಕಟ್ಟುತ್ತದೆ ಎಂಬುದನ್ನೂ ಮರೆಯಬಾರದು; ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ನಡೆಯುವುದು ಆ ಹಣದ ಬೆಂಬಲದಿಂದಲೇ.

ಹೊಸದಾಗಿ ಆರಂಭಿಸುವವರು ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಮೊದಲ ವಾರ ಹಸಿ ಮತ್ತು ಒಣ ಕಸ ಬೇರ್ಪಡಿಸಿ. ಅದು ರೂಢಿಯಾದ ಮೇಲೆ ಗೊಬ್ಬರದ ಕೊಡ ಇಡಿ. ಗೊಬ್ಬರ ಬಂದ ಬಳಿಕ ಗಿಡ ನೆಡಿ.