ಗಾಲಿ ಸುತ್ತಿದ ಲೆಕ್ಕ

ಸುರಪುರ ತಾಲ್ಲೂಕಿನ ಬೋನಾಳಕ್ಕೆ ಹೊರಗಿನವರು ಹೋಗುವುದು ಹೆಚ್ಚಾಗಿ ಅಲ್ಲಿನ ಕೆರೆಗೆ ಬರುವ ಹಕ್ಕಿಗಳನ್ನು ನೋಡಲು. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ವಿಸ್ತರಿಸಿದ. ಊರಿನವರಿಗೆ ಕೆರೆಯಷ್ಟೇ ಮುಖ್ಯವಾದದ್ದು ರಸ್ತೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಭತ್ತ ಹೆಚ್ಚಿತು. ಭತ್ತದ ಹಿಂದೆ ಲಾರಿ ಬಂತು. ಲಾರಿಯ ಹಿಂದೆ, ಎಲ್ಲ ಊರುಗಳಂತೆ ಇಲ್ಲಿಯೂ, ಒಂದು ಜಗಳ ಬಂತು: ಡೀಸೆಲ್ ಎಲ್ಲಿ ಹೋಯಿತು?

ಮಾಲೀಕ ಲೆಕ್ಕ ಹಾಕುವುದು ಮೀಟರಿನಿಂದ. ಇಷ್ಟು ಕಿಲೋಮೀಟರಿಗೆ ಇಷ್ಟು ಲೀಟರ್. ಅದಕ್ಕೆ ನಮ್ಮ ಕಡೆ ‘ಆವರೇಜ್’ ಎನ್ನುತ್ತಾರೆ. ಆವರೇಜ್ ಬಿದ್ದರೆ ಮೊದಲ ಅನುಮಾನ ಡ್ರೈವರನ ಮೇಲೆ. ಅನುಮಾನ ಕೆಲವೊಮ್ಮೆ ನಿಜವೂ ಆಗಿರಬಹುದು. ಆದರೆ ಲಾರಿಗೆ ದೊಡ್ಡ ಟೈರು ಹಾಕಿಸಿದ ತಿಂಗಳೇ ಆವರೇಜ್ ಬಿದ್ದಿದ್ದರೆ, ಡ್ರೈವರನನ್ನು ಕೇಳುವ ಮುಂಚೆ ಗಾಲಿಯನ್ನು ಕೇಳಬೇಕು. ಏಕೆಂದರೆ ಮೀಟರಿಗೆ ರಸ್ತೆ ಕಾಣುವುದಿಲ್ಲ. ಅದು ಗಾಲಿಯ ಸುತ್ತುಗಳನ್ನಷ್ಟೇ ಎಣಿಸಿ, ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಹೇಳಿಕೊಟ್ಟದ್ದನ್ನೇ ನಂಬಿಕೊಂಡು ಕೂತಿರುತ್ತದೆ.

ಗಾಲಿಯಿಂದ ದಾರಿ ಅಳೆಯುವ ಈ ಉಪಾಯ ಎರಡು ಸಾವಿರ ವರ್ಷಗಳಷ್ಟು ಹಳೆಯದು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಅಂಥದೊಂದು ಗಾಡಿಯ ವಿವರಣೆಯಿದೆ. ಗಾಲಿಯ ಅಡ್ಡಳತೆ 4 ಅಡಿ, ಸುತ್ತಳತೆ ಹನ್ನೆರಡೂವರೆ ಅಡಿ. 400 ಸುತ್ತು ಉರುಳಿದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಹಲ್ಲುಚಕ್ರಗಳು ತಿರುಗಿ ಮೈಲಿಗೊಂದು ಕಲ್ಲು ಕಂಚಿನ ಪಾತ್ರೆಗೆ ಟಣ್ ಎಂದು ಬೀಳಬೇಕು. ಸಂಜೆ ಕಲ್ಲುಗಳನ್ನು ಎಣಿಸಿದರೆ ಆಯಿತು.

ನಮ್ಮಲ್ಲಿ ಹರದಾರಿ, ಗಾವುದಗಳ ಲೆಕ್ಕವಿತ್ತು. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಈ ‘ಸುಮಾರು’ ಎಂಬ ಮಾತು ಸೀಮೆಯಿಂದ ಸೀಮೆಗೆ ಹಿಗ್ಗುತ್ತ ಕುಗ್ಗುತ್ತ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಸರ್ವೆಯವರು ಮೈಸೂರು ಸೀಮೆಯನ್ನು ಅಳೆಯತೊಡಗಿದಾಗ ‘ಸುಮಾರು’ ಸಾಲದಾಯಿತು. ಆ ಕಾಲದ ಸರ್ವೆಯವರು ದಾರಿ ಅಳೆಯಲು ಬಳಸುತ್ತಿದ್ದದ್ದು ಪೆರಾಂಬ್ಯುಲೇಟರ್ ಎಂಬ ಒಂಟಿಗಾಲಿ. ಉದ್ದ ಹಿಡಿಕೆ ಹಿಡಿದು ತಳ್ಳಿಕೊಂಡು ನಡೆಯಬೇಕು. ಸುತ್ತುಗಳನ್ನು ಒಂದು ಮುಖಫಲಕ ತೋರಿಸುತ್ತಿತ್ತು. ಇಂಗ್ಲೆಂಡಿನ ಸಾಮಾನ್ಯ ಮಾದರಿಯಲ್ಲಿ ಗಾಲಿಯ ಸುತ್ತಳತೆ ಎಂಟೂಕಾಲು ಅಡಿ. 640 ಸುತ್ತಿಗೆ ಒಂದು ಮೈಲಿ.

ಇಂಥ ಗಾಲಿಯನ್ನು ಮಳೆಗಾಲದಲ್ಲಿ ಸುರಪುರದ ಎರೆಭೂಮಿಯ ಮೇಲೆ ತಳ್ಳಿದರೆ ಏನಾದೀತು? ಆ ಮಣ್ಣಿನಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ. ಚಪ್ಪಲಿಯ ತೂಕವೇ ಎರಡರಷ್ಟಾಗುತ್ತದೆ. ಗಾಲಿಯ ಸುತ್ತ ಅರ್ಧ ಇಂಚು ಮಣ್ಣು ಮೆತ್ತಿತೆನ್ನಿ. ಸುತ್ತಳತೆ ಮೂರು ಇಂಚಿಗಿಂತ ತುಸು ಹೆಚ್ಚುತ್ತದೆ, ಅಂದರೆ ನೂರಕ್ಕೆ ಮೂರರಷ್ಟು. ಗಾಲಿ ದೊಡ್ಡದಾಯಿತು, ಸುತ್ತು ಕಡಿಮೆಯಾಯಿತು. ಹತ್ತು ಮೈಲಿ ನಡೆದರೂ ಫಲಕ ಒಂಬತ್ತೂ ಮುಕ್ಕಾಲನ್ನು ಮುಟ್ಟುವುದಿಲ್ಲ.

ಅಳೆಯುವ ಸಾಧನವನ್ನೇ ಅಳೆದು ನೋಡಬೇಕೆಂಬ ಎಚ್ಚರ ಆ ಕಾಲದಲ್ಲಿ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ವಿಲಿಯಂ ಲ್ಯಾಂಬ್ಟನ್ನನ ಕೆಲಸವೇ ಸಾಕ್ಷಿ. 1800ರಲ್ಲಿ ಆತ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಲೆಕ್ಕ ತಿದ್ದುತ್ತಿದ್ದ. ಮುಂದೆ ಮದರಾಸಿನಲ್ಲಿ ಅಳೆಯುವಾಗ ಎರಡನೆಯ ಸರಪಳಿಯೊಂದನ್ನು ನೆಲಕ್ಕೆ ಹಾಕದೆ, ಮೊದಲನೆಯದರೊಡನೆ ಹೋಲಿಸಿ ನೋಡಲೆಂದೇ ಕಾದಿಟ್ಟ. ನಮ್ಮ ಲಾರಿಗಳ ಮಟ್ಟಿಗೆ ಅಂಥ ಎರಡನೆಯ ಸರಪಳಿ ಯಾವುದು? ರಸ್ತೆ ಬದಿಯ ಕಿಲೋಮೀಟರ್ ಕಲ್ಲು. ಅದನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಜರ್ಮನಿಯ ಓಟ್ಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಸ್ಪೀಡೋಮೀಟರು ಬಹುಕಾಲ ನಮ್ಮ ಲಾರಿಗಳಲ್ಲೂ ಇತ್ತು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಪಕ್ಕದ ಲೋಹದ ಬಟ್ಟಲನ್ನು ತನ್ನೊಡನೆ ಎಳೆಯಲು ನೋಡುತ್ತದೆ. ಸಣ್ಣ ಸ್ಪ್ರಿಂಗು ತಡೆಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ನಿಲ್ಲುವ ಜಾಗವೇ ವೇಗ. ಅದೇ ಕೇಬಲ್ ಹಲ್ಲುಚಕ್ರಗಳ ಮೂಲಕ ಕಿಲೋಮೀಟರಿನ ಅಂಕಿಗಳನ್ನೂ ಉರುಳಿಸುತ್ತದೆ. ಈಗಿನ ಲಾರಿಗಳಲ್ಲಿ ಕೇಬಲ್ ಹೋಗಿ ವಿದ್ಯುತ್ ಮಿಡಿತ ಬಂದಿದೆ. ಎಣಿಸುವುದು ಮಾತ್ರ ಅದೇ ಸುತ್ತು.

9.00-20 ಅಳತೆಯ ಟೈರು ತೆಗೆದು 10.00-20 ಹಾಕಿಸುವುದು ನಮ್ಮ ಲಾರಿಯವರಲ್ಲಿ ರೂಢಿ. ಮೊದಲನೆಯದರ ಅಡ್ಡಳತೆ ಸುಮಾರು 102 ಸೆಂಟಿಮೀಟರ್, ಎರಡನೆಯದು ಸುಮಾರು 105.5. ವ್ಯತ್ಯಾಸ ಶೇಕಡಾ ಮೂರೂವರೆಯಷ್ಟು. ಎರೆಮಣ್ಣು ಮೆತ್ತಿದ ಒಂಟಿಗಾಲಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ 3,000 ಕಿ.ಮೀ. ಓಡುವ ಲಾರಿಯ ಮೀಟರು ಈಗ 2,900 ತೋರಿಸುತ್ತದೆ. ಲೀಟರಿಗೆ 4 ಕಿ.ಮೀ. ಎಂದರೆ ನಿಜವಾಗಿ ಉರಿದದ್ದು 750 ಲೀಟರ್. ಮಾಲೀಕನ ಪುಸ್ತಕದಲ್ಲಿ 725. ಉಳಿದ 25 ಲೀಟರಿಗೆ ಉತ್ತರ ಹೇಳಬೇಕಾದವನು ಡ್ರೈವರ್. ಬತ್ತಾ ಕಿಲೋಮೀಟರಿನ ಲೆಕ್ಕದಲ್ಲಿದ್ದರೆ ಅವನಿಗೆ 100 ಕಿ.ಮೀ. ದುಡ್ಡೂ ಖೋತಾ. ಕದಿಯದ ಡೀಸೆಲ್ಲಿಗೆ ಸಂಬಳ ಕಡಿತವಾದವನು ಕೂಲಿಯ ಜೊತೆಗೆ ಹೆಸರನ್ನೂ ಕಳೆದುಕೊಳ್ಳುತ್ತಾನೆ.

ವೇಗದ ಮುಳ್ಳಿನಿಂದ ಈ ತಪ್ಪು ಪತ್ತೆಯಾಗುವುದು ಕಷ್ಟ. ತೋರಿಸುವ ವೇಗ ನಿಜವೇಗಕ್ಕಿಂತ ಕಡಿಮೆಯಿರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ತಯಾರಕರು ಮುಳ್ಳನ್ನು ತುಸು ಮುಂದಕ್ಕೇ ಇಟ್ಟಿರುತ್ತಾರೆ. ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ, ಮುಳ್ಳು ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಅಂತರ ಮುಗಿದ ಲಾರಿಯಲ್ಲಿ ಮುಳ್ಳು 80 ತೋರಿಸುವಾಗ ನಿಜವೇಗ 83ರ ಹತ್ತಿರ ಇರುತ್ತದೆ. ದೂರದ ಅಂಕಿಗಳಿಗೆ ಅಂಥ ಅಂತರ ಇಟ್ಟಿರುವುದಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಶಹಾಪುರದಿಂದ ಸುರಪುರದ ಮೇಲೆ ತಿಂಥಣಿ ಸೇತುವೆಯ ಕಡೆ ಹೋಗುವ ಹೆದ್ದಾರಿಯಲ್ಲಿ ಒಂದು ಕಲ್ಲಿನ ಬಳಿ ಮೀಟರು ಬರೆದುಕೊಂಡು, 20 ಕಿ.ಮೀ. ಕಳೆದ ಮೇಲೆ ಮತ್ತೆ ನೋಡಬೇಕು. ಒಂದೆರಡು ಕಲ್ಲು ಸಾಲದು. ರಸ್ತೆ ಅಗಲಿಸುವಾಗ ಕಲ್ಲು ಸರಿದಿರಬಹುದು. ಕಲ್ಲು 20 ಎಂದು, ಮೀಟರು 19.3 ಎಂದರೆ 20ನ್ನು 19.3ರಿಂದ ಭಾಗಿಸಿ, 1.036 ಬರುತ್ತದೆ. ಅಲ್ಲಿಂದ ಮುಂದೆ ಮೀಟರಿನ ಕಿಲೋಮೀಟರನ್ನು ಇದರಿಂದ ಗುಣಿಸಿಯೇ ಆವರೇಜ್ ತೆಗೆಯಬೇಕು. ಕಲ್ಲುಗಳ ಮೇಲೆ ನಂಬಿಕೆಯಿಲ್ಲದವರು ಲಾರಿ ತುಂಬಿರುವಾಗ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಹತ್ತು ಸುತ್ತು ಉರುಳಿಸಿ, ಟೇಪು ಹಿಡಿಯಬಹುದು. ಹಳೆಯ ಅಳತೆಯ ಟೈರಿಗೂ ಹೀಗೆಯೇ ಮಾಡಿ ಎರಡನ್ನೂ ಹೋಲಿಸಬೇಕು. ತುಂಬಿದ ಲಾರಿ ಏಕೆಂದರೆ, ಭಾರಕ್ಕೆ ಟೈರು ಕೆಳಗೆ ಚಪ್ಪಟೆಯಾಗಿ ಒಂದು ಸುತ್ತಿನ ದೂರ ಕಡಿಮೆಯಾಗುತ್ತದೆ.

ಮೀಟರನ್ನೇ ತಿದ್ದಿಸುವುದಾದರೆ, ಕೇಬಲ್ ಲಾರಿಯಲ್ಲಿ ಗೇರ್‌ಬಾಕ್ಸಿನ ಸಣ್ಣ ಚಕ್ರ ಬದಲಿಸುತ್ತಾರೆ. 29 ಹಲ್ಲಿನ ಜಾಗಕ್ಕೆ 28 ಹಲ್ಲಿನದು ಬಂದರೆ ಶೇಕಡಾ ಮೂರೂವರೆ ಸರಿಹೋಗುತ್ತದೆ. ಅರ್ಧ ಹಲ್ಲಿನ ಚಕ್ರ ಇಲ್ಲದಿರುವುದರಿಂದ ಪ್ರತಿ ಸಲ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಹೊಸ ಲಾರಿಯಲ್ಲಿ ಕಿಲೋಮೀಟರಿಗೆ ಇಷ್ಟು ಮಿಡಿತ ಎಂಬ ಸಂಖ್ಯೆಯನ್ನು ಸರ್ವಿಸ್ ಕೇಂದ್ರದಲ್ಲಿ ಬದಲಿಸಬೇಕು; ಪರದೆಯ ಮೇಲೆ ತಾನೇ ಮೂಡುವ ಆವರೇಜ್ ಕೂಡ ಇದೇ ಸಂಖ್ಯೆಯನ್ನು ನಂಬಿದೆ. ಭಾರದ ಟೈರು ನಿಜವಾಗಿಯೇ ಹೆಚ್ಚು ಡೀಸೆಲ್ ಕುಡಿಯುತ್ತಿದೆಯೇ ಎಂಬ ಪ್ರಶ್ನೆಗೂ ಈ ತಿದ್ದುಪಡಿಯಾದ ಮೇಲಷ್ಟೇ ಉತ್ತರ ಸಿಗುತ್ತದೆ.

ಟೈರು ಸವೆದಂತೆ ಲೆಕ್ಕ ಮತ್ತೆ ಬದಲಾಗುತ್ತದೆ. ಒಂದು ಸೆಂಟಿಮೀಟರ್ ರಬ್ಬರು ಸವೆದರೆ ಅಡ್ಡಳತೆ ಎರಡು ಸೆಂಟಿಮೀಟರ್ ಇಳಿಯುತ್ತದೆ, ಅಂದರೆ ಶೇಕಡಾ ಎರಡರ ಹತ್ತಿರ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಅದೇ ಕಲ್ಲುಗಳ ನಡುವೆ ಲಾರಿ ಓಡಿಸಿ, ತಾರೀಖು ಮತ್ತು ಸಂಖ್ಯೆಯನ್ನು ಡೀಸೆಲ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು. ಆ ದಿನ ಮಾಲೀಕನೂ ಕ್ಯಾಬಿನ್ನಿನಲ್ಲಿ ಕೂತು, ಕಲ್ಲುಗಳನ್ನು ತಾನೇ ಎಣಿಸುವುದು ಒಳ್ಳೆಯದು.