ಎರಡು ಟೆರಾಬೈಟಿನ ಗೋಡೆ

ಲಿಂಗಸುಗೂರು ತಾಲೂಕಿನ ಮುದಗಲ್ ಎಂದೊಡನೆ ಹೊರಗಿನವರಿಗೆ ಕೋಟೆ ಮತ್ತು ಮೊಹರಂ ನೆನಪಾಗುತ್ತವೆ. ಊರಿನ ರೈತನಿಗೆ ಇವೆರಡಕ್ಕಿಂತ ಮುಖ್ಯವಾದುದು ಒಂದು ಹಾಳೆ: ಅವನ ಹೊಲದ ಪಹಣಿ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತದ ಭಾಷೆ ಉರ್ದುವಾಗಿತ್ತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 2024ರಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ಶುರುವಾಯಿತು.

ಬೆರಳಚ್ಚಾದ ಪಹಣಿಗೆ ಹೆಚ್ಚು ಜಾಗ ಬೇಡ. ಅದೇ ಹಾಳೆಯ ಚಿತ್ರ ತೆಗೆದಿಟ್ಟರೆ ಹಲವು ಪಟ್ಟು ಜಾಗ ಬೇಕು. ಇಂಥ ರಾಶಿಯನ್ನು ಒಂದೇ ಡಿಸ್ಕಿಗೆ ಒಪ್ಪಿಸುವುದು ಅಪಾಯ. ಅದು ಕೆಟ್ಟರೆ ಎಲ್ಲವೂ ಹೋದಂತೆ. ಇದಕ್ಕೆ 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ದಾರಿ ವಿವರಿಸಿದರು. ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವುದು. ಒಂದು ಕೆಟ್ಟರೂ ಉಳಿದವುಗಳ ಲೆಕ್ಕದಿಂದ ಅದರ ಮಾಹಿತಿಯನ್ನು ಮರಳಿ ಪಡೆಯುವುದು. ಇದೇ ‘ರೇಡ್’. ಡಿಸ್ಕುಗಳ ಈ ಕೂಟವನ್ನು ನಡೆಸುವ ಕಾರ್ಡಿಗೆ ಕಂಟ್ರೋಲರ್ ಎನ್ನುತ್ತಾರೆ.

ತೊಡಕು ಇರುವುದು ಈ ಕಾರ್ಡಿನಲ್ಲಿಯೇ. ಡಿಸ್ಕಿನಲ್ಲಿ 512 ಬೈಟಿನ ಪುಟ್ಟ ಖಾನೆಗಳಿರುತ್ತವೆ. ಹೊಲಗಳಿಗೆ ಸರ್ವೆ ನಂಬರ್ ಇರುವಂತೆ ಪ್ರತಿ ಖಾನೆಗೂ ಒಂದು ಸಂಖ್ಯೆ ಇರುತ್ತದೆ. ಹಳೆಯ ಕಾರ್ಡುಗಳು ಆ ಸಂಖ್ಯೆಗೆ ಮೀಸಲಿಟ್ಟ ಜಾಗ 32 ಬಿಟ್ ಮಾತ್ರ. ಅಂದರೆ ಸುಮಾರು 429 ಕೋಟಿ ಖಾನೆಗಳವರೆಗೆ ಎಣಿಕೆ. 512ರಿಂದ ಗುಣಿಸಿದರೆ ಬರುವುದು 2.2 ಟೆರಾಬೈಟ್; ಕಂಪ್ಯೂಟರಿನ ಲೆಕ್ಕದಲ್ಲಿ ಸರಿಯಾಗಿ 2. ಅದರಾಚೆಯ ಖಾನೆಗಳಿಗೆ ನಂಬರೇ ಇಲ್ಲ.

ಇಂಥ ಗೋಡೆ ಇದೇ ಮೊದಲಲ್ಲ. ಇದಕ್ಕೆ ಮುಂಚೆ 28 ಬಿಟ್ಟಿನ ಲೆಕ್ಕ 137 ಗಿಗಾಬೈಟಿಗೆ ನಿಂತಿತ್ತು. ಒಂಟಿ ಡಿಸ್ಕು 2 ಟೆರಾಬೈಟಿನ ಗೋಡೆ ದಾಟಿದ್ದು 2010ರಲ್ಲಿ. ರೇಡ್ ಕೂಟಗಳು ಅದಕ್ಕೂ ಮೊದಲೇ ಅಲ್ಲಿಗೆ ಬಂದಿದ್ದವು. 400 ಗಿಗಾಬೈಟಿನ ಎಂಟು ಡಿಸ್ಕುಗಳನ್ನು ಜೋಡಿಸಿ, ಒಂದರಷ್ಟು ಜಾಗವನ್ನು ರಕ್ಷಣೆಗೆ ಬಿಟ್ಟರೂ 2.8 ಟೆರಾಬೈಟ್ ಆಗುತ್ತದೆ.

ಆಗ ಏನಾಗುತ್ತದೆ? ಕೆಲವು ಕಾರ್ಡುಗಳು 2 ಟೆರಾಬೈಟನ್ನಷ್ಟೇ ತೋರಿಸಿ ಉಳಿದುದನ್ನು ಬಿಟ್ಟುಬಿಡುತ್ತವೆ. ಅದು ನಷ್ಟ, ಆದರೆ ಕಣ್ಣಿಗೆ ಕಾಣುವ ನಷ್ಟ. ಭಯವಿರುವುದು ಸುಮ್ಮನೆ ಒಪ್ಪಿಕೊಳ್ಳುವ ಸಲಕರಣೆಯಿಂದ. ಬೈಕಿನ ಕಿಲೋಮೀಟರ್ ಮೀಟರ್ 99999 ದಾಟಿ ಸೊನ್ನೆಗೆ ಮರಳುವಂತೆ ಇಲ್ಲಿಯೂ ಎಣಿಕೆ ಮೊದಲಿಗೆ ಮರಳಬಹುದು. ಹೊಸ ಕಡತ ಹಳೆಯ ಕಡತದ ಮೇಲೆಯೇ ಬಿದ್ದು ಅದನ್ನು ಅಳಿಸುತ್ತದೆ. ಬರಹ ಆ ಮಿತಿ ದಾಟುವವರೆಗೆ ಯಾರಿಗೂ ಸುಳಿವು ಸಿಗದು.

ಪರಿಹಾರಗಳು ಇಲ್ಲದಿಲ್ಲ. ತಯಾರಕರು ಕಾರ್ಡಿನ ಒಳತಂತ್ರಾಂಶವನ್ನು ಪರಿಷ್ಕರಿಸಿದ್ದರೆ ಅದನ್ನು ಹಾಕಿಕೊಳ್ಳಬಹುದು. ಇಲ್ಲವಾದರೆ ಒಂದು ಸರ್ವೆ ನಂಬರನ್ನು ಹಿಸ್ಸೆಗಳಾಗಿ ಒಡೆಯುವಂತೆ, ಕೂಟವನ್ನು 2 ಟೆರಾಬೈಟಿಗಿಂತ ಚಿಕ್ಕ ಭಾಗಗಳಾಗಿ ವಿಂಗಡಿಸುವುದು ಕ್ಷೇಮ. ಕಾರ್ಡು ಸರಿಯಿದ್ದರೂ ಡಿಸ್ಕಿನ ಹಳೆಯ ‘ಎಂಬಿಆರ್’ ವಿಭಾಗಪಟ್ಟಿಗೂ ಇದೇ ಮಿತಿಯಿದೆ. ಅದರ ಬದಲು ‘ಜಿಪಿಟಿ’ ಬೇಕು. ಎಲ್ಲಕ್ಕಿಂತ ಮೊದಲು, ಕೂಟವನ್ನು ಕೊನೆಯ ಖಾನೆಯವರೆಗೆ ತುಂಬಿಸಿ, ಬರೆದದ್ದನ್ನು ಮರಳಿ ಓದಿ ನೋಡಬೇಕು. ನಿಜವಾದ ಕಡತಗಳನ್ನು ಇಡುವುದು ಆಮೇಲೆ.

ಇನ್ನೊಂದು ಮಾತು. ಡಿಸ್ಕುಗಳು ಚೆನ್ನಾಗಿದ್ದು ಕಾರ್ಡೇ ಸುಟ್ಟುಹೋದರೆ, ಬೇರೆ ಕಂಪನಿಯ ಕಾರ್ಡಿಗೆ ಆ ಜೋಡಣೆ ಅರ್ಥವಾಗದೆ ಹೋಗಬಹುದು. ಉರ್ದು ಬಲ್ಲವರಿಲ್ಲದ ಕಚೇರಿಯಲ್ಲಿ ನಿಜಾಮರ ಕಾಲದ ಕಾಗದ ಭದ್ರವಾಗಿದ್ದರೂ ರೈತನಿಗೆ ಉಪಯೋಗಕ್ಕೆ ಬಾರದು, ಇದೂ ಹಾಗೆಯೇ. ಆದ್ದರಿಂದ ಅದೇ ಮಾದರಿಯ ಇನ್ನೊಂದು ಕಾರ್ಡು ಕೈಯಲ್ಲಿರಬೇಕು, ಕಡತಗಳ ಮತ್ತೊಂದು ಪ್ರತಿ ಬೇರೆ ಊರಿನಲ್ಲಿರಬೇಕು. ರೇಡ್ ಇದೆಯೆಂದು ಎರಡನೆಯ ಪ್ರತಿಯನ್ನು ಬಿಡುವಂತಿಲ್ಲ. ಹೊಸ ಡಿಸ್ಕು ಕೊಳ್ಳಲು ಹಣ ಮಂಜೂರು ಮಾಡುವವರು ಹಳೆಯ ಕಾರ್ಡು ಎಲ್ಲಿಯವರೆಗೆ ಎಣಿಸಬಲ್ಲದು ಎಂದು ಮೊದಲು ಕೇಳಿದರೆ, ರೈತನ ಹಾಳೆ ಉಳಿದೀತು.